ಭಂಡಾರ ತಿನ್ನುವ ಡಬ್ಬಿ

“ಈ ಮಶೀನ್ ಮಾಡಿದಾಂವ ಒಂಬತ್ತನೇ ಕ್ಲಾಸಿನಾಗ ಸಾಲಿ ಬಿಟ್ಟಾನ್ರಿ! ಅದಕ್ಕ ಅವನ ಮಶೀನೂ ಒಂಬತ್ತ ಸೆಕೆಂಡಿನಾಗ ಸಾಲಿ ಬಿಟ್ಟೈತಿ!”

ಮುರಗೆಪ್ಪ ಇದನ್ನು ನನ್ನನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ. ಮೈಕಿನಲ್ಲಿ ಹೇಳಿದ. ದಿಗ್ಗೇವಾಡಿಯ ಆ ಹೊಲದ ಸುತ್ತ ಕಟ್ಟಿದ್ದ ಭೋಂಗಾಗಳೆಲ್ಲ ಒಂದೇ ಸಲ ಅದನ್ನು ಒದರಿದವು. ಬದುವಿನ ಮೇಲೆ ಕೂತವರು, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಕೂತವರು, ಬೇವಿನ ಟೊಂಗೆಯಲ್ಲಿ ಜೋತುಬಿದ್ದವರು, ಎಲ್ಲರೂ ನಕ್ಕರು. ನಗದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ನನ್ನ ಗೆಳೆಯ ತುಕಾರಾಮ. ಆಗ ತಾನೇ ಟ್ರೇಲರನ್ನು ಹಿಂದಕ್ಕೆ ಓಡಿಸಿ, ಗೆದ್ದೆನೆಂದು ತಿಳಿದು ಸೀಟಿನ ಮೇಲೆ ಎದ್ದು ನಿಂತಿದ್ದ. ಹಾಗೇ ಮೆಲ್ಲಗೆ ಕೂತುಕೊಂಡ.

ರಿವರ್ಸ್ ಶರ್ಯತ್ತು ಎಂದರೆ ನಮ್ಮ ಕಡೆ ಕುಸ್ತಿಗಿಂತ ದೊಡ್ಡದು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು, ಎರಡು ಸುಣ್ಣದ ಗೆರೆಗಳ ನಡುವೆ ಹಿಂದಕ್ಕೆ ಓಡಿಸಬೇಕು. ಮುಂದಕ್ಕೆ ಯಾರು ಬೇಕಾದರೂ ಓಡಿಸುತ್ತಾರೆ. ಹಿಂದಕ್ಕೆ ಹೊರಟ ಟ್ರೇಲರ್ ಹಟಮಾರಿ ಎಮ್ಮೆ ಇದ್ದ ಹಾಗೆ, ಈ ಕಡೆ ಎಳೆದರೆ ಆ ಕಡೆ ಹೋಗುತ್ತದೆ. ಗೆರೆ ತುಳಿದರೆ ಔಟು. ತುಳಿಯದೆ ಕೊನೆಯ ಗೆರೆಯನ್ನು ಯಾರು ಬೇಗ ದಾಟುತ್ತಾರೋ ಅವರಿಗೆ ಬಹುಮಾನದ ಢಾಲು.

ಆ ‘ಬೇಗ’ ಎನ್ನುವುದನ್ನು ಅಳೆಯುತ್ತಿದ್ದದ್ದು ಮುರಗೆಪ್ಪನ ಹೆಬ್ಬೆರಳು. ಕಮಿಟಿಗೆ ಅವನೇ ಅಧ್ಯಕ್ಷ, ಮೈಕಿಗೆ ಅವನೇ ಮಾಲಕ, ಸ್ಟಾಪ್‌ವಾಚು ತೂಗಾಡುವುದು ಅವನ ಕೊರಳಲ್ಲೇ. ಅವನ ಮಗ ಸಂಜಯ ಗೆರೆ ದಾಟಿದರೆ ಆ ಹೆಬ್ಬೆರಳು ಚಿಗರೆಯಂತೆ ಜಿಗಿಯುತ್ತದೆ. ತುಕಾರಾಮ ದಾಟಿದರೆ ಅದಕ್ಕೆ ವಾತ ಹಿಡಿಯುತ್ತದೆ. ಇದು ರಾಯಬಾಗದಿಂದ ಕಾಗವಾಡದ ತನಕ ಎಲ್ಲರಿಗೂ ಗೊತ್ತು. ಚಹಾದಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಅವನ ಎದುರಿಗೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಕಬ್ಬು ಕಡಿಯಲು ಯಾರ ಹೊಲಕ್ಕೆ ಮೊದಲು ಆಳುಗಳ ಟೋಳಿ ಕಳಿಸಬೇಕು ಎಂದು ಹೇಳುವವನೂ ಅವನೇ.

ನಾನು ಹೇಳುವುದು ಬಿಟ್ಟು ಮಾಡಲು ಕೂತೆ. ಗಣಿತದ ಮಾಸ್ತರರ ಜೊತೆ ಜಗಳ ಮಾಡಿ ಪಾಟೀಚೀಲವನ್ನು ಕಾಲುವೆಗೆ ಎಸೆದು ಬಂದವನು ನಾನು, ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ರಾಯಬಾಗದಲ್ಲಿ ಜಾಫರಸಾಬರ ಟ್ರ್ಯಾಕ್ಟರ್ ಗ್ಯಾರೇಜಿಗೆ ಸೇರಿದೆ. ಟ್ರ್ಯಾಕ್ಟರಿನ ವೈರಿಂಗ್ ನನ್ನ ಪಾಲಿಗೆ ಬಂತು. ಅದರಿಂದ ಮೊಬೈಲಿನ ವಿಡಿಯೋಗಳಿಗೆ ಬಂದೆ, ವಿಡಿಯೋಗಳಿಂದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬಂದೆ. ಬೆರಳುದ್ದದ ಹಸಿರು ಪಟ್ಟಿ ಅದು. ಇಂಥದ್ದಾದರೆ ಇಂಥದ್ದು ಮಾಡು ಎಂದು ಒಮ್ಮೆ ಬರೆದು ತುಂಬಿದರೆ ಸಾಕು, ಯಾರ ಮುಖವನ್ನೂ ನೋಡದೆ ಮಾಡುತ್ತದೆ. ಅದು ಸಂಜಯನ ಮಾಮಾ ಅಲ್ಲ, ತುಕಾರಾಮನ ಕಾಕಾ ಅಲ್ಲ. ಅದಕ್ಕೇ ನನಗೆ ಅದು ಹಿಡಿಸಿತು.

ಕೊನೆಯ ಗೆರೆಯ ಒಂದು ಬದಿಗೆ ಬೆಳಕು, ಎದುರು ಬದಿಗೆ ಅದನ್ನು ನೋಡುವ ಕಣ್ಣು. ಹೊರಡುವ ಹಾರ್ನಿನ ಸ್ವಿಚ್ಚನ್ನು ಬೋರ್ಡಿಗೂ ಕಟ್ಟಿದ್ದೆ. ಹಾರ್ನು ಕೂಗಿದರೆ ಗಡಿಯಾರ ಓಡುತ್ತದೆ, ಟ್ರೇಲರ್ ಅಡ್ಡ ಬಂದು ಬೆಳಕು ಕಡಿದರೆ ನಿಲ್ಲುತ್ತದೆ. ದೊಡ್ಡ ಕೆಂಪು ಅಂಕಿಗಳ ಹಲಗೆ ಎಲ್ಲರಿಗೂ ಕಾಣುವ ಹಾಗೆ. ಇಷ್ಟೆಲ್ಲ ಮಾಡಿದವನು ಬೋರ್ಡನ್ನೂ ಕಣ್ಣನ್ನೂ ಒಂದು ಪೇಡೆ ಡಬ್ಬಿಯಲ್ಲಿಟ್ಟು, ಕಣ್ಣಿನ ಎದುರು ತೂತು ಕೊರೆದು, ತೂತಿಗೆ ಸೆಲೋಟೇಪ್ ಅಂಟಿಸಿದ್ದೆ.

ದಿಗ್ಗೇವಾಡಿಯಲ್ಲಿ, ನೋಡೋಣ ಎಂದು ಮುರಗೆಪ್ಪ ನಕ್ಕು ಒಪ್ಪಿದ್ದ. ತುಕಾರಾಮ ಹೊರಟ. ಅವನ ಊರಿನವರೇ ಗೆರೆಯ ಹತ್ತಿರ ನುಗ್ಗಿ, “ಚಾಂಗಭಲೋ!” ಎಂದು ಮುಷ್ಟಿಮುಷ್ಟಿ ಭಂಡಾರ ತೂರಿದರು. ಅರಿಷಿಣದ ಪುಡಿ ಅದು, ದೇವರದು. ನಮ್ಮ ಕಡೆ ಗೆಲುವು ಬೇಕಾದರೂ ತೂರುತ್ತಾರೆ, ಬಂದರೂ ತೂರುತ್ತಾರೆ. ಟ್ರ್ಯಾಕ್ಟರ್ ಇನ್ನೂ ಕಾಲು ದಾರಿಯನ್ನೂ ದಾಟಿರಲಿಲ್ಲ. ಗಡಿಯಾರ ಒಂಬತ್ತಕ್ಕೆ ನಿಂತೇಬಿಟ್ಟಿತು. ಮುರಗೆಪ್ಪನ ಹೆಬ್ಬೆರಳು ಮತ್ತೆ ಗಾದಿಗೆ ಬಂತು, ಸಂಜಯ ಗೆದ್ದ, ಮೈಕಿನಲ್ಲಿ ನನ್ನ ಶಾಲೆಯ ವಿಷಯ ಬಂತು.

ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನನ್ನ ತಲೆ ಕಾದಿತ್ತು. ಮೈಕಿನ ಹತ್ತಿರ ನುಗ್ಗಿದೆ.

“ಮಶೀನ್ ಸರಿ ಐತಿ! ಮೊದಲ ಆ ಭಂಡಾರ ಒಗಿಯೂದ ಬಂದ್ ಮಾಡಸ್ರಿ!”

ನಗು ನಿಂತುಹೋಯಿತು. ಮುರಗೆಪ್ಪನಿಗೆ ಕರೆಯದೆ ಬಂದ ಬೀಗರೂಟ.

“ಕೇಳಿದ್ರೇನ್ರಿ ದೈವದವರೇ? ಬೀರದೇವರ ಭಂಡಾರ ಬಂದ್ ಮಾಡಬೇಕಂತ! ಇವನ ಪೇಡೆ ಡಬ್ಬಿಗೆ ನೆಗಡಿ ಬರತೈತಂತ!” ಆಮೇಲೆ ನನ್ನ ಕಡೆ ತಿರುಗಿದ. ಮೈಕು ಮಾತ್ರ ಬಾಯಿಂದ ಇಳಿಸಲಿಲ್ಲ. “ಕೇಳಲೇ ಹಾಲಸಿದ್ದ. ಭಂಡಾರ ನಿಲ್ಲಂಗಿಲ್ಲ. ಭಂಡಾರದಾಗ ನಿಲ್ಲೂ ಮಶೀನ್ ಇದ್ರ ಯಡೂರಿನ ಶರ್ಯತ್ತಿಗೆ ತಗೊಂಡ ಬಾ. ನಿಂತರ ಅದು ಹೇಳಿದ ಟೈಮೇ ಟೈಮು, ನಾ ಸ್ಟಾಪ್‌ವಾಚ್ ಮುಟ್ಟಂಗಿಲ್ಲ. ನಿಲ್ಲಲಿಲ್ಲಂದ್ರ ಮತ್ತ ಯಾವ ಗ್ರೌಂಡಿನಾಗೂ ನಿನ್ನ ಮಾರಿ ಕಾಣಬಾರದು. ಒಪ್ಪಿದಿ?”

“ಒಪ್ಪಿದೆ!” ಎಂದು ಒದರಿದೆ. ಮುಂದೆ ಏನು ಮಾಡಬೇಕೆಂದು ತಿಳಿಯದೆ ಒದರಿದೆ.

ಹೆಂಗಸರ ಕಡೆ ನನ್ನ ಆಯಿ, ಅಂದರೆ ಅಜ್ಜಿ, ಗಿರಿಜವ್ವ ಕೂತಿದ್ದಳು. ಸೆರಗಿನ ಗಂಟಿನಲ್ಲಿ ಅವಳದೂ ಭಂಡಾರ ಇತ್ತು. ಎದ್ದು, ಸೆರಗು ಕೊಡವಿ, ನನ್ನನ್ನು ನೋಡದೆ ಹೊರಟುಹೋದಳು.

ಮನೆಯಲ್ಲಿ ಆಯಿ ನನ್ನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಅಂಗಳದ ಆಡಿಗೆ ಹೇಳುತ್ತಿದ್ದಳು. “ಅವಂಗ ಹೇಳ, ರೊಟ್ಟಿ ಮುಚ್ಚಿಟ್ಟೇನಿ ಅಂತ. ಬ್ಯಾಳಿ ಬೇಕಾದ್ರ ಬಿಸಿ ಮಾಡ್ಕೋ ಅನ್ನ. ದೇವರ ಭಂಡಾರ ನಿಲ್ಲಸಾಂವಗ ಒಲಿ ಹಚ್ಚಾಕ ಬರಲಾರದ ಏನ?” ಆಡು ನನ್ನ ಮುಖ ನೋಡುತ್ತಿತ್ತು.

ಗ್ಯಾರೇಜಿನಲ್ಲಿ ಪೇಡೆ ಡಬ್ಬಿ ತೆರೆದೆವು. ಜಾಫರಸಾಬರು ಕನ್ನಡಕ ಏರಿಸಿ ಒಳಗೆ ಇಣುಕಿದರು. ಬೋರ್ಡಿನ ಕಾಲುಗಳ ಸಂದಿಯಲ್ಲಿ, ವೈರಿನ ಗಂಟುಗಳಲ್ಲಿ, ಸೆಲೋಟೇಪಿನ ಮೇಲೆ, ಎಲ್ಲಿ ನೋಡಿದರೂ ಹಳದಿ.

“ಅರೇ ಬೇಟಾ, ಇದಕ್ಕ ಕಾಮಣಿ ಬ್ಯಾನಿ ಆಗೇತಿ!”

“ಚಾಚಾ, ನಗಬ್ಯಾಡ್ರಿ.”

“ನಗದ ಏನ ಮಾಡ್ಲಿ? ತಲಿ ಛಲೋ ಐತಿ, ತಲಿಬುರುಡಿ ಇಲ್ಲ. ಬುರುಡಿ ಮಾಡ ಮೊದಲ.”

ಅವರ ಮಾತು ಸರಿ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬೋರ್ಡು ತಪ್ಪು ಮಾಡಿರಲಿಲ್ಲ. ಗಾಳಿಯಲ್ಲಿ ಹಾರುವ ಭಂಡಾರ ಬೆಳಕನ್ನು ಮಬ್ಬು ಮಾಡುತ್ತದೆ, ಪೂರ್ತಿ ಕಡಿಯುವುದಿಲ್ಲ. ಟ್ರೇಲರ್ ಪೂರ್ತಿ ಕಡಿಯುತ್ತದೆ. ಆ ಫರಕನ್ನು ಬೋರ್ಡಿಗೆ ಹೇಳಿಕೊಡುವುದು ಕಷ್ಟವಲ್ಲ, ಅವತ್ತೇ ಹೇಳಿಕೊಟ್ಟೆ. ಆದರೆ ಪುಡಿ ಬಂದು ಕಣ್ಣಿನ ಮೇಲೆಯೇ ಅಂಟಿ ಕೂತರೆ ಎಂಥ ಬೋರ್ಡಾದರೂ ಕುರುಡು. ಕಣ್ಣು ತೆರೆದಿರಬೇಕು, ಕಣ್ಣಿಗೆ ಪುಡಿ ಬೀಳಬಾರದು. ಇಷ್ಟೇ ಬೇಕಾದದ್ದು. ಇಷ್ಟಕ್ಕೆ ತಕ್ಕ ಒಂದು ಡಬ್ಬಿ ಜಗತ್ತಿನಲ್ಲಿ ಇಲ್ಲವೇ?

ಚಿಕ್ಕೋಡಿಯ ಸಂತೆಯಿಂದ ದಪ್ಪ ಗಾಜಿನ ಉಪ್ಪಿನಕಾಯಿ ಬರಣಿ ತಂದೆ. ಬೋರ್ಡನ್ನು ಒಳಗಿಟ್ಟು, ಗಾಳಿಯೂ ಆಡದಂತೆ ಮುಚ್ಚಳದ ಸುತ್ತ ಸಿಲಿಕಾನ್ ಬಳಿದೆ. ಪುಡಿ ಒಳಗೆ ಹೋಗಲಿಲ್ಲ, ನಿಜ. ಬಿಸಿಲಿಗೆ ಇಟ್ಟ ಅರ್ಧ ತಾಸಿಗೆ ಬರಣಿ ಒಳಗಿನಿಂದ ಬೆವರಿತು, ಭಂಡಾರದ ಬದಲಿಗೆ ತೂರಿ ನೋಡಿದ ಬೂದಿ ಗಾಜಿನ ಹೊರಗೆ ಪದರಾಗಿ ಕೂತಿತು, ಬೋರ್ಡು ಕಾದು ಹುಚ್ಚುಹುಚ್ಚು ಅಂಕಿ ತೋರಿಸತೊಡಗಿತು. ಬರಣಿಯನ್ನು ಗೋಡೆಗೆ ಅಪ್ಪಳಿಸಿದೆ.

“ಬೋರ್ಡ್ ತಕ್ಕೊಂಡ ಆಮ್ಯಾಲ ಒಗಿಬೇಕಾಗಿತ್ತಲೋ” ಎಂದರು ಜಾಫರಸಾಬರು, ಚಹಾ ಕುಡಿಯುತ್ತ.

ಬೋರ್ಡು ಬದುಕಿತ್ತು. ಅದಕ್ಕೆ ಛತ್ರಿಯ ಬಟ್ಟೆಯ ಮುಸುಕು ಹೊಲಿಸಿದೆ. ಪುಡಿ ಕೆಳಗಿನಿಂದ ಬಂತು. ಕಣ್ಣನ್ನು ಉದ್ದನೆಯ ಪೈಪಿನ ಆಳದಲ್ಲಿ ಇಟ್ಟೆ. ಪುಡಿ ಪೈಪಿನಲ್ಲಿ ನಿಧಾನ ತೂರಿ, ಎಲ್ಲಿ ಕಣ್ಣಿದೆಯೋ ಅಲ್ಲೇ ಹೋಗಿ ಕೂತಿತು. ಭಂಡಾರಕ್ಕೆ ಬಾಗಿಲು ಬೇಡ, ಸಂದಿ ಸಾಕು. ಯಡೂರಿನ ಶರ್ಯತ್ತು ಹತ್ತಿರ ಬರುತ್ತಿತ್ತು. ನಿಪ್ಪಾಣಿಯ ಗುಜರಿಯಲ್ಲೂ ಅಲೆದೆ. “ಎಂಥಾ ಡಬ್ಬಿ ಬೇಕಪಾ?” ಎಂದು ಗುಜರಿಯವನು ಕೇಳಿದ. “ಪೂರ್ತಿ ಬಂದ್ ಆಗಿರಬೇಕ, ಬಾಯಿ ತಗದಿರಬೇಕ” ಎಂದೆ. ಅವನು ಕೈ ಮುಗಿದು ಬೇರೆ ಗಿರಾಕಿಯ ಕಡೆ ತಿರುಗಿದ.

ಮರುದಿನ ತುಕಾರಾಮ ತನ್ನ ಟ್ರ್ಯಾಕ್ಟರನ್ನು ಸರ್ವಿಸಿಗೆ ತಂದ. ಹಳೆಯ ಟ್ರ್ಯಾಕ್ಟರು. ಕಬ್ಬಿನ ಸೀಸನ್ ಮುಗಿದ ಮೇಲೆ ತೆಲಸಂಗದ ಒಣ ಹೊಲಗಳಲ್ಲಿ ಮಣ್ಣು ಪುಡಿ ಮಾಡುವ ರೋಟಾವೇಟರ್ ಹೊಡೆದು ಬಂದಿತ್ತು. ಬಾನೆಟ್ಟಿನ ಮೇಲೆ ಬೆರಳಿಟ್ಟರೆ ಗೆಣ್ಣಿನ ತನಕ ಧೂಳು. ಏರ್ ಕ್ಲೀನರ್ ಬಿಚ್ಚಲು ಕೂತೆ. ನೂರಾರು ಸಲ ಬಿಚ್ಚಿದ್ದೇನೆ. ಕಬ್ಬಿಣದ ಉದ್ದನೆಯ ಕೊಡದಂಥದ್ದು ಅದು. ತಲೆಯ ಮೇಲಿನ ಟೊಪ್ಪಿಗೆಯಿಂದ ಗಾಳಿ ಒಳಗೆ ಬರುತ್ತದೆ, ಅಡಿಯ ಬಟ್ಟಲಲ್ಲಿ ಎಣ್ಣೆ, ನಡುವೆ ತಂತಿಯ ಜಾಳಿಗೆ, ಪಕ್ಕದ ಅಡ್ಡ ಪೈಪಿನಿಂದ ಶುದ್ಧ ಗಾಳಿ ಎಂಜಿನ್ನಿಗೆ.

ಬಟ್ಟಲು ಬಿಚ್ಚಿದರೆ ತುಂಬ ಕಪ್ಪು ಕೆಸರು. ತೆಲಸಂಗದ ಅರ್ಧ ಹೊಲ ಅದರಲ್ಲಿತ್ತು. ಅಡ್ಡ ಪೈಪಿನೊಳಗೆ ಬೆರಳು ಹಾಕಿ ತಿರುವಿದೆ.

ಬೆರಳು ಶುದ್ಧವಾಗಿ ಹೊರಬಂತು.

ನಾನು ಹಾಗೇ ಕೂತುಬಿಟ್ಟೆ. ಈ ಕೊಡ ಬಾಯಿ ಮುಚ್ಚಿಕೊಂಡು ಬದುಕುತ್ತಿಲ್ಲ. ಉಸಿರಾಡುತ್ತದೆ. ಧೂಳಿಗೆ ಬಾ ಎನ್ನುತ್ತದೆ, ಬಂದದ್ದನ್ನು ಎಣ್ಣೆಯಲ್ಲಿ ಹಿಡಿದು ಕೂರಿಸುತ್ತದೆ. ನಾನು ಇಷ್ಟು ದಿನ ಭಂಡಾರವನ್ನು ತಡೆಯುವ ಡಬ್ಬಿ ಹುಡುಕುತ್ತಿದ್ದೆ. ಬೇಕಾದದ್ದು ಭಂಡಾರವನ್ನು ತಿನ್ನುವ ಡಬ್ಬಿ.

“ಯಾಕಲೇ, ಎಂಜಿನ್ ಹೋತೇನ?” ತುಕಾರಾಮ ಹೆದರಿಕೊಂಡು ಕೇಳಿದ.

“ಎಂಜಿನ್ ಹೊರಗ ತಗದೇನಿ ಅಂತ ತಿಳಕೋ. ಅದರ ಜಾಗಾದಾಗ ಬೋರ್ಡ್ ಕುಂದ್ರಸ್ತೇನಿ.”

“ನನ್ನ ಟ್ರ್ಯಾಕ್ಟರಿಗೆ?”

“ನಿನ್ನ ಟ್ರ್ಯಾಕ್ಟರ್ ಯಾಂವ ಮುಟ್ಟತಾನೋ! ಮನಿಗೆ ಹೋಗ.”

ಗ್ಯಾರೇಜಿನ ಹಿಂದಿನ ರಾಶಿಯಲ್ಲಿ ಹಳೆಯ ಏರ್ ಕ್ಲೀನರುಗಳಿದ್ದವು. ಅವುಗಳಲ್ಲಿ ಕೆಡದ ಎರಡನ್ನು ಆರಿಸಿದೆ, ಕಣ್ಣಿಗೊಂದು, ಬೆಳಕಿಗೊಂದು. ಡೀಸೆಲಿನಲ್ಲಿ ತೊಳೆದೆ. ಎಂಜಿನ್ನಾದರೆ ಗಾಳಿಯನ್ನು ಎಳೆಯುತ್ತದೆ, ಬೋರ್ಡಿಗೆ ಶ್ವಾಸಕೋಶವಿಲ್ಲ. ಸಂತೆಯಲ್ಲಿ ಒಲೆ ಊದಲು ಮಾರುವ ಸಣ್ಣ ಬ್ಲೋವರ್ ಇರುತ್ತದಲ್ಲ, ಬ್ಯಾಟರಿಯ ಮೇಲೆ ಓಡುವಂಥದ್ದು, ಅಂಥ ಎರಡು ತಂದು ಒಳಗೆ ಕೂರಿಸಿದೆ. ಅದು ಟೊಪ್ಪಿಗೆಯಿಂದ ಗಾಳಿ ಎಳೆಯಬೇಕು, ಜಾಳಿಗೆಯಲ್ಲಿ ಪುಡಿ ಉಳಿಯಬೇಕು, ಶುದ್ಧ ಗಾಳಿ ಅಡ್ಡ ಪೈಪಿನಿಂದ ಹೊರಗೆ ಊದಬೇಕು. ಅಡ್ಡ ಪೈಪಿನಲ್ಲೇ ನನ್ನ ಕಣ್ಣು. ಒಳಗಿನಿಂದ ಸದಾ ಗಾಳಿ ಊದುವ ಬಾಯಿಗೆ ಹೊರಗಿನ ಪುಡಿ ಹೇಗೆ ಹೋದೀತು?

ಹುರುಪಿನಲ್ಲಿ ಬೋರ್ಡನ್ನು ಕಬ್ಬಿಣಕ್ಕೇ ನಟ್ಟು ಹಾಕಿ ಬಿಗಿದೆ. ಸ್ವಿಚ್ ಒತ್ತಿದೆ. ಒಂದು ಸಣ್ಣ ಹೊಗೆಯ ಎಳೆ ಎದ್ದಿತು, ಅಷ್ಟೇ. ಬೋರ್ಡಿನ ಬೆನ್ನಿನ ಬೆಸುಗೆಗಳೆಲ್ಲ ಕಬ್ಬಿಣಕ್ಕೆ ತಾಗಿದ್ದವು.

ನಟ್ಟು ಬಿಗಿದ ಪಾನಾ ಎತ್ತಿ ಎಸೆಯಲು ಹೋದೆ. ಜಾಫರಸಾಬರು ಕೈ ಹಿಡಿದರು. “ಒಗದ್ರ ನೀನ ಹುಡಕಬೇಕ. ಹದಿನಾರ ನಂಬರಿಂದು ಅದೊಂದ ಐತಿ.”

ಹೊಸ ಬೋರ್ಡು ಕೊರಿಯರಿನಲ್ಲಿ ಬರುವ ತನಕ ಹಲ್ಲು ಕಡಿಯುತ್ತ ಕಾದೆ. ಕಾಯುವಾಗ ಹಳೆಯ ಟಾಯರಿನ ಟ್ಯೂಬು ಕತ್ತರಿಸಿ ಕೊಡದ ಒಳಗೋಡೆಗೆಲ್ಲ ಅಂಟಿಸಿದೆ. ಬೋರ್ಡು ಬಂದ ಮೇಲೆ ಅದನ್ನು ರಬ್ಬರಿನ ಹಾಸಿಗೆಯಲ್ಲಿ ಕೂಸಿನ ಹಾಗೆ ಮಲಗಿಸಿದೆ. ಬ್ಲೋವರ್ ಹಚ್ಚಿದೆ. ಗರಗರ ಎಂದಿತು, ಆದರೆ ಪೈಪಿನ ಬಾಯಿಗೆ ಹಿಡಿದ ಬೀಡಿಯ ಹೊಗೆ ಅಲುಗಲಿಲ್ಲ. ಗಾಳಿಯೇ ಇಲ್ಲ.

ತಾಸುಗಟ್ಟಲೆ ಬೈದೆ. ಬ್ಲೋವರಿಗೆ, ಬ್ಯಾಟರಿಗೆ, ಮಾರಿದವನಿಗೆ. ಕೊನೆಗೆ ತಪ್ಪು ಕಂಡಿತು. ಟ್ರ್ಯಾಕ್ಟರ್ ಮೆಕ್ಯಾನಿಕ್ ಅಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಕೈಯ ರೂಢಿ. ಏರ್ ಕ್ಲೀನರ್ ಜೋಡಿಸಿದ ಕೂಡಲೇ ಬಟ್ಟಲಿಗೆ ಗುರುತಿನ ತನಕ ಎಣ್ಣೆ ಸುರಿದಿದ್ದೆ. ಅಷ್ಟು ಎಣ್ಣೆಯ ಒಳಗಿಂದ ಗಾಳಿ ಎಳೆಯಲು ಎಂಜಿನ್ನಿನ ಎದೆ ಬೇಕು, ಒಲೆ ಊದುವ ಬ್ಲೋವರಿಗೆ ಎಲ್ಲಿಂದ ಬರಬೇಕು? ಎಣ್ಣೆ ಚೆಲ್ಲಿದೆ. ಜಾಳಿಗೆಯನ್ನು ಮಾತ್ರ ಎಣ್ಣೆಯಲ್ಲಿ ಅದ್ದಿ, ಸೋರುವುದು ನಿಲ್ಲುವ ತನಕ ಜೋತುಹಾಕಿ, ಮತ್ತೆ ಕೂರಿಸಿದೆ. ಸ್ವಿಚ್ ಒತ್ತಿದೆ.

ಜಾಫರಸಾಬರ ಬೀಡಿಯ ಹೊಗೆ ನೆಟ್ಟಗೆ ಅವರ ಗಡ್ಡಕ್ಕೆ ಹೋಗಿ ಬಡಿಯಿತು.

“ಮಾಶಾಲ್ಲಾ” ಎಂದು ಕೆಮ್ಮಿದರು.

ಬೂದಿ ತೂರಿ ನೋಡಿದೆವು, ಜೋಳದ ಹಿಟ್ಟು ತೂರಿ ನೋಡಿದೆವು. ಆದರೆ ಭಂಡಾರ ಬೇರೆ. ಅದು ಎಲ್ಲಕ್ಕಿಂತ ಸಣ್ಣ, ಎಲ್ಲಕ್ಕಿಂತ ಅಂಟು. ಅದನ್ನು ತೂರಿ ನೋಡದೆ ಯಡೂರಿಗೆ ಹೋಗುವುದು ಹೇಗೆ? ಆ ಕಪ್ಪು ಕೊಡವನ್ನು ಹೊತ್ತು ಮನೆಗೆ ಬಂದೆ. ಅಂಗಳದಲ್ಲಿಟ್ಟು, ಆಯಿಗೆ ಹೇಳದೆ ಆಡಿಗೆ ಹೇಳಿದೆ.

“ಆಯಿಗೆ ಕೇಳ, ಒಂದ ಮುಷ್ಟಿ ಭಂಡಾರ ಒಗಿತಾಳೇನ ಅಂತ.”

ಆಯಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು.

“ಅವಂಗ ಹೇಳ, ದೇವರ ಭಂಡಾರ ಆಟದ ಸಾಮಾನಲ್ಲ ಅಂತ.”

“ಆಟಕ್ಕಲ್ಲ ಅಂತ ಹೇಳ. ನಾ ಭಂಡಾರ ನಿಲ್ಲಸಾಕ ಹೊಂಟಿಲ್ಲ. ಎಷ್ಟ ಬೇಕಾದ್ರೂ ಒಗೀರಿ ಅನ್ನೂವಂಥಾದ್ದ ಮಾಡೇನಿ ಅಂತ ಹೇಳ.”

ಆಯಿ ಎದ್ದು ಬಂದಳು. ಕೊಡದ ಸುತ್ತ ಒಂದು ಸುತ್ತು ಹಾಕಿದಳು. “ಇದೇನಲೇ, ಟ್ಯಾಕ್ಟರಿನ ಮೂಗ?” ನನ್ನನ್ನೇ ಕೇಳಿದಳು. ನಾನು ತಲೆ ಆಡಿಸಿದೆ. ಒಳಗೆ ಹೋಗಿ ಮುಖ ತೊಳೆದು ಬಂದಳು, ಊದಿನಕಡ್ಡಿ ಹಚ್ಚಿದಳು, ಬೀರದೇವರ ಕಡೆ ಮುಖ ಮಾಡಿ ನಿಂತು, “ಚಾಂಗಭಲೋ!” ಎಂದು ಸೆರಗಿನ ಗಂಟಿನಿಂದ ಮುಷ್ಟಿ ತುಂಬ ತೆಗೆದು ನೇರ ಆ ಪೈಪಿನ ಬಾಯಿಗೆ ಎಸೆದಳು. ಬಾಯಿ ಅದನ್ನು ಅವಳ ಮೇಲೆಯೇ ಊದಿತು. ಮೂಗಿನ ತುದಿ, ಹುಬ್ಬು, ನೆರೆತ ಕೂದಲು, ಎಲ್ಲ ಹಳದಿಯಾಗಿ ನಿಂತಳು ಆಯಿ. ನಾನು ಪೈಪಿನೊಳಗೆ ಬಟ್ಟೆ ಆಡಿಸಿ ತೆಗೆದೆ. ಬಿಳಿಯ ಬಟ್ಟೆ ಬಿಳಿಯಾಗೇ ಇತ್ತು.

“ಇಸಕೊಂಡ ತಿರಗಿ ನನಗ ಕೊಟ್ಟೈತಿ ನೋಡ” ಎಂದಳು ಆಯಿ. “ಪ್ರಸಾದ ಆತು.” ರೊಟ್ಟಿಯನ್ನು ಅವತ್ತು ತಾನೇ ಬಡಿಸಿದಳು.

ಯಡೂರಿನ ಹೊಳೆದಂಡೆಯ ಹೊಲದಲ್ಲಿ ಜನ ಮುಗಿಬಿದ್ದಿದ್ದರು. ಅಥಣಿ, ಚಿಕ್ಕೋಡಿ, ಕಾಗವಾಡ, ಹೊಳೆಯಾಚೆಯ ಮಹಾರಾಷ್ಟ್ರದವರೂ ಬಂದಿದ್ದರು. ಕಪ್ಪು ಕೊಡಗಳನ್ನು ಗೆರೆಯ ಎರಡೂ ಬದಿಗೆ ಸ್ಟ್ಯಾಂಡಿನ ಮೇಲೆ ಬಿಗಿಯುತ್ತಿದ್ದಾಗ ಮೈಕು ಎದ್ದಿತು.

“ಬಂದ್ರಪೋ, ನಮ್ಮ ಇಂಜಿನಿಯರ್ ಸಾಹೇಬ್ರು! ಏನಲೇ ಹಾಲಸಿದ್ದ, ಮಶೀನ್ ತಾ ಅಂದ್ರ ಎರಡೆರಡ ಚರಿಗಿ ತಂದಿ? ಹೊಳಿ ಆ ಕಡೆ ಐತಿ, ಹೋಗಿ ಬಾ!”

ಹೊಲವೆಲ್ಲ ನಕ್ಕಿತು. ನಾನು ಸ್ಕ್ರೂಡ್ರೈವರ್ ಹಿಡಿದು ಮೈಕಿನ ಕಡೆ ತಿರುಗಿದೆ. ಜಾಫರಸಾಬರು ಹೆಗಲ ಮೇಲೆ ಕೈಯಿಟ್ಟು ಒತ್ತಿದರು. “ಬಾಯಿ ಬಂದ್. ಬ್ಲೋವರ್ ಚಾಲೂ.”

ಬ್ಲೋವರ್ ಚಾಲೂ ಮಾಡಿದೆ.

ಮೊದಲು ಪರೀಕ್ಷೆ. ಖಾಲಿ ಗ್ರೌಂಡಿನಲ್ಲಿ ಹಾರ್ನು ಕೂಗಿಸಿ ಗಡಿಯಾರ ಓಡಬಿಡುವುದು, ಭಂಡಾರ ತೂರುವುದು. ಏನಾದರೂ ಗೆರೆ ದಾಟುವ ತನಕ ಅದು ನಿಲ್ಲಬಾರದು. ಇದನ್ನು ಮುರಗೆಪ್ಪನೇ ಮೈಕಿನಲ್ಲಿ ಹೇಳಿದ, ಎಲ್ಲರಿಗೂ ಕೇಳುವಂತೆ. ಆಮೇಲೆ ಮೈಕನ್ನು ಇನ್ನೊಬ್ಬನ ಕೈಗೆ ಕೊಟ್ಟು, ಭಂಡಾರದ ಒಂದು ಇಡೀ ಚೀಲ ಹೊತ್ತು ತಾನೇ ಇಳಿದು ಬಂದ. ಮುಷ್ಟಿ ಅಲ್ಲ, ಚೀಲ.

ಹಾರ್ನು ಕೂಗಿತು. ಕೆಂಪು ಅಂಕಿ ಓಡತೊಡಗಿತು. ಮುರಗೆಪ್ಪ ಚೀಲದ ಬಾಯಿ ಬಿಚ್ಚಿ, ಕಣ್ಣಿನ ಕೊಡದ ಮೇಲೆ, ಪೈಪಿನ ಬಾಯಿಗೆ, ಟೊಪ್ಪಿಗೆಗೆ ಸುರಿದ. ಹಳದಿ ಮೋಡ ಎದ್ದು ಕೊಡ ಕಾಣದಾಯಿತು, ಮುರಗೆಪ್ಪನೂ ಕಾಣದಾದ. ಹಲಗೆ ಮಾತ್ರ ಕಾಣುತ್ತಿತ್ತು.

“ಏಳ!” ಎಂದು ಯಾರೋ ಎಣಿಸಲು ಶುರು ಮಾಡಿದರು. “ಎಂಟ!” ಇನ್ನಷ್ಟು ಗಂಟಲು ಸೇರಿದವು. “ಒಂಬತ್ತ!”

ದಿಗ್ಗೇವಾಡಿಯಲ್ಲಿ ನಿಂತದ್ದು ಇಲ್ಲೇ.

“ಹತ್ತ!”

ಆ “ಹತ್ತ”ಕ್ಕೆ ಹೊಳೆಯ ನೀರೂ ಎದ್ದು ನೋಡಿರಬೇಕು. ಜನರ ಟೊಪ್ಪಿಗೆ, ಪಟಕಾ ಗಾಳಿಗೆ ಹಾರಿದವು. ಹನ್ನೊಂದು, ಹನ್ನೆರಡು, ಇಪ್ಪತ್ತು. ಜನ ತಾವೇ ನುಗ್ಗಿ ಬಂದರು. ಯಾರ ಬಳಿ ಎಷ್ಟು ಭಂಡಾರ ಇತ್ತೋ ಅಷ್ಟೂ ಕೊಡದ ಮೇಲೆ ಬಿತ್ತು. ಬ್ಲೋವರ್ ಗರಗರ ಎಂದು ತಿನ್ನುತ್ತಲೇ ಇತ್ತು, ಪೈಪಿನ ಬಾಯಿ ತೂರಿದವರ ಮುಖಕ್ಕೇ ತಿರುಗಿ ಊದುತ್ತಿತ್ತು. ಕಣ್ಣುಜ್ಜಿಕೊಳ್ಳುತ್ತ ನಗುತ್ತಿದ್ದರು. ಇದೇ ಒಂದು ಆಟವಾಯಿತು.

ಮುರಗೆಪ್ಪನಿಗೆ ಇನ್ನೂ ನಂಬಿಕೆ ಬರಲಿಲ್ಲ. “ಕೆಟ್ಟೈತಿ ಅದು! ನಿಲ್ಲೂದ ಗೊತ್ತಿಲ್ಲ ಅದಕ್ಕ!” ಎಂದು ಒದರುತ್ತ, ತಲೆಯಿಂದ ಕಾಲಿನ ತನಕ ಹಳದಿಯಾಗಿ, ತಾನೇ ಗೆರೆ ದಾಟಿದ. ಅವನ ಹೊಟ್ಟೆ ಗೆರೆಗೆ ಬಂದ ಕ್ಷಣವೇ ಗಡಿಯಾರ ಗಕ್ಕನೆ ನಿಂತಿತು.

“ಮುರಗೆಪ್ಪ ಕಾಕಾ, ಒಂದ ನಿಮಿಷ ಹನ್ನೆರಡ ಸೆಕೆಂಡ್!” ಎಂದು ಮೈಕು ಹಿಡಿದಿದ್ದವನು ಕೂಗಿಬಿಟ್ಟ. “ಟ್ರೇಲರ್ ಇಲ್ಲದ!”

ಜನ ನೆಲಕ್ಕೆ ಬಿದ್ದು ನಕ್ಕರು. ಈ ಸಲ ನಾನೂ ನಕ್ಕೆ. ಗಹಗಹ ನಗು, ಹೊಟ್ಟೆಯ ತಳದಿಂದ ಬಂದದ್ದು.

ಶರ್ಯತ್ತು ಶುರುವಾಯಿತು. ಕೊಟ್ಟ ಮಾತು ಸಾವಿರಾರು ಕಿವಿಗಳ ಎದುರು ಕೊಟ್ಟದ್ದು. ಸ್ಟಾಪ್‌ವಾಚು ಮುರಗೆಪ್ಪನ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. ಬಂದವರಲ್ಲಿ ಅರ್ಧ ಜನ ಗೆರೆ ತುಳಿದು ಔಟಾದರು. ಸಂಜಯ ಬಂದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಓಡಿಸಿದ. ಟ್ರೇಲರ್ ಹೆಗಲು ಅಲುಗಿಸದೆ ಹಿಂದಕ್ಕೆ ಹೋಯಿತು. ಭಂಡಾರ ಹಾರಿತು, ಟ್ರೇಲರ್ ದಾಟಿತು, ಅಂಕಿ ನಿಂತಿತು. ನಲವತ್ತಮೂರೂ ಚಿಲ್ಲರೆ. ಅವತ್ತಿನ ಎಲ್ಲರಿಗಿಂತ ಕಡಿಮೆ. ಹೆಬ್ಬೆರಳಿನ ಸಹಾಯ ಬೇಕಿಲ್ಲದವನಿಗೆ ಅಪ್ಪ ಇಷ್ಟು ದಿನ ಸಹಾಯ ಮಾಡಿದ್ದ, ಅದು ಇನ್ನೂ ಸಿಟ್ಟು ತರಿಸಿತು.

ಕೊನೆಗೆ ತುಕಾರಾಮ. ಅವನು ಸ್ಟೇರಿಂಗ್ ಹಿಡಿದರೆ ಹಿಂದೆ ನೋಡುತ್ತಲೇ ಇರುತ್ತಾನೆ, ಕಣ್ಣು ರೆಪ್ಪೆ ಬಡಿಯುವುದಿಲ್ಲ. ಹಾರ್ನು ಕೂಗಿತು. ನಡುವೆ ಒಮ್ಮೆ ಟ್ರೇಲರಿನ ಬಾಲ ಬಲಗೆರೆಯ ಕಡೆ ಜಾರಿತು. “ಹೋತ! ಹೋತ!” ಎಂದರು. ಗಾಲಿ ಸುಣ್ಣಕ್ಕೆ ಬೆರಳಿನಷ್ಟು ದೂರದಲ್ಲಿ ಬಾಗಿ, ಮತ್ತೆ ನೆಟ್ಟಗಾಯಿತು. ಗೆರೆಯ ಹತ್ತಿರ ಅವನ ಊರಿನವರು ಕಾದು ನಿಂತಿದ್ದರು, ಕೈಯಲ್ಲಿ ಬುಟ್ಟಿಗಳು. ಮೊದಲ ಸಲ ಇದೇ ಜನ, ಇದೇ ಕೈ. ಅವರಲ್ಲೊಬ್ಬ ನನ್ನ ಕಡೆ ನೋಡಿದ, ಒಗೀಲೇನು ಎನ್ನುವ ಹಾಗೆ.

“ಒಗೀರಿ!” ಎಂದು ಎದೆ ಬಿರಿಯುವ ಹಾಗೆ ಒದರಿದೆ. “ಬುಟ್ಟಿಗಟ್ಟಲೆ ಒಗೀರಿ!”

ಬುಟ್ಟಿಗಳು ಬೋರಲಾದವು. ಹೊಲ ಹಳದಿಯಾಯಿತು, ಆಕಾಶ ಹಳದಿಯಾಯಿತು. ಆ ಮೋಡದೊಳಗಿಂದ ಟ್ರೇಲರಿನ ಹಿಂಬದಿ ತೂರಿ ಬಂದು ಗೆರೆ ದಾಟಿತು. ಎಲ್ಲರೂ ಹಲಗೆಯ ಕಡೆ ತಿರುಗಿದರು. ನಲವತ್ತೆರಡೂ ಚಿಲ್ಲರೆ. ಸಂಜಯನಿಗಿಂತ ಅರ್ಧ ಸೆಕೆಂಡೂ ಇಲ್ಲದ ಅಂತರ. ಒಂದು ಹೆಬ್ಬೆರಳು ಮನಸ್ಸು ಮಾಡಿದರೆ ನುಂಗಿಬಿಡಬಹುದಾದಷ್ಟು. ಆದರೆ ಅದು ಕೆಂಪು ಅಂಕಿಯಲ್ಲಿ ಬೆಂಕಿಯ ಹಾಗೆ ಉರಿಯುತ್ತಿತ್ತು, ಯಾರ ಕೊರಳಲ್ಲೂ ತೂಗುತ್ತಿರಲಿಲ್ಲ.

ತುಕಾರಾಮನನ್ನು ಸೀಟಿನಿಂದಲೇ ಎತ್ತಿಕೊಂಡರು. ಅವನು ಅಳುತ್ತಿದ್ದ, ಹಳದಿ ಮುಖದ ಮೇಲೆ ಎರಡು ಗೆರೆ ಇಳಿದಿದ್ದವು. ಸಂಜಯ ತಾನಾಗಿ ಬಂದು ಅವನ ಕೈ ಕುಲುಕಿದ. ಜಾಫರಸಾಬರು ಯಾರದೋ ಹೆಗಲ ಮೇಲೆ ಏರಿ ಟೊಪ್ಪಿಗೆ ಬೀಸುತ್ತಿದ್ದರು.

ನಾನು ಅಡ್ಡ ಪೈಪಿನೊಳಗೆ ಬೆರಳು ಹಾಕಿ ತಿರುವಿ ನೋಡಿದೆ. ಆಮೇಲೆ ವೈರು ಸುತ್ತತೊಡಗಿದೆ.

ಮುರಗೆಪ್ಪ ಮತ್ತೆ ಮೈಕಿಗೆ ಬಂದಿದ್ದ. ತುಕಾರಾಮನ ಹೆಸರು ಹೇಳಿದ, ಟೈಮು ಹೇಳಿದ, ನುಂಗಿಕೊಂಡಾದರೂ ಹೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

“ಹಾಲಸಿದ್ದಪ್ಪಾ, ಸ್ಟೇಜಿಗೆ ಬಾ. ಮುಂದ ಕಾಗವಾಡದಾಗ ಶರ್ಯತ್ತೈತಿ, ಆಮ್ಯಾಲ ತೆಲಸಂಗದಾಗ. ನಿನ್ನ ಮಶೀನ್ ಬೇಕ. ಬರ್ತಿ ಹೌದಲ್ಲ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಸ್ಟ್ಯಾಂಡಿನ ಬೋಲ್ಟು ಬಿಚ್ಚಿದೆ.

“ಏನ ಕೂಡಿಸೀಪಾ ಅದರಾಗ? ಇವರಿಗೆಲ್ಲಾ ಒಂದ ಮಾತ ಹೇಳ ಬಾ. ಹಾಲಸಿದ್ದಪ್ಪಾ? ಕೇಳಸ್ತೈತಿ ಏನ?”

ಕೇಳುತ್ತಿತ್ತು. ಭೋಂಗಾಗಳೆಲ್ಲ ಅದನ್ನೇ ಒದರುತ್ತಿದ್ದವು. ಒಂದು ಕೊಡವನ್ನು ತುಕಾರಾಮನ ಊರಿನವರು ಎತ್ತಿಕೊಂಡರು. ಕಣ್ಣಿದ್ದ ಕೊಡವನ್ನು ನಾನು ಹೆಗಲಿಗೇರಿಸಿದೆ. ಬ್ಲೋವರ್ ಆರಿಸಿರಲಿಲ್ಲ, ಕಿವಿಯ ಹತ್ತಿರ ಅದು ಗರಗರ ಎನ್ನುತ್ತಿತ್ತು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ನಾನು ಸ್ಟೇಜಿಗೆ ಬೆನ್ನು ಮಾಡಿ ನಡೆದೆ.